ಬರೆದಿಟ್ಕೊಳ್ಳಿ!

ನಮ್ಮ ದಾವಣಗೆರೆ ಸೀಮೆಯಲ್ಲಿ ರಾಜಕೀಯ ಮಾತಾಡುವವರಿಗೆ ಒಂದು ಮಂತ್ರ ಸಿದ್ಧಿಸಿದೆ: ‘ಬರೆದಿಟ್ಕೊಳ್ಳಿ’. ಖಾಲಿಯಾದ ಟೀ ಲೋಟವನ್ನು ಬೆಂಚಿನ ಮೇಲೆ ಕುಕ್ಕಿ, ತೋರುಬೆರಳನ್ನು ಎದುರಿನವನ ಮೂಗಿನ ತನಕ ತಂದು ಹೇಳಿದರೆ ಅದಕ್ಕೆ ವೇದವಾಕ್ಯದ ತೂಕ. ಹೇಳಿದವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ, ಬರೆದಿಟ್ಟುಕೊಂಡವರನ್ನು ಒಬ್ಬರನ್ನೂ ಕಂಡಿಲ್ಲ. ಫಲಿತಾಂಶದ ಮರುದಿನ ನೋಡಿದರೆ ಎಲ್ಲರೂ ‘ನಾನು ಅವತ್ತೇ ಹೇಳಿರ್ಲಿಲ್ವಾ’ ಪಕ್ಷಕ್ಕೆ ಸೇರಿಬಿಟ್ಟಿರುತ್ತಾರೆ. ಆ ಪಕ್ಷಕ್ಕೆ ಚಿಹ್ನೆ ಇಲ್ಲ, ಕಚೇರಿ ಇಲ್ಲ, ಆದರೂ ಇದುವರೆಗೆ ಒಂದು ಚುನಾವಣೆಯನ್ನೂ ಸೋತಿಲ್ಲ.

ಇರಲಿ, ಈ ಸಲ ನಾನೇ ಬರೆದಿಟ್ಟುಕೊಳ್ಳೋಣ ಅಂತ ಇನ್ನೂರು ಪುಟದ ನೋಟ್‌ಬುಕ್ ಒಂದನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ಎಡಪುಟದಲ್ಲಿ ಭವಿಷ್ಯ, ಬಲಪುಟದಲ್ಲಿ ಕಾರಣ, ಕೆಳಗೆ ತಾರೀಖು ಮತ್ತು ಸಹಿ. ಇಷ್ಟೇ ಷರತ್ತು.

ಹೊನ್ನಾಳಿಯಿಂದ ಶುರು ಮಾಡಿದೆ. ಪಂಡಿತರ ಪಾಲಿಗೆ ಇಷ್ಟು ಹದವಾದ ಹೊಲ ರಾಜ್ಯದಲ್ಲೇ ಅಪರೂಪ. 2008ರಲ್ಲಿ ಎಂ.ಪಿ. ರೇಣುಕಾಚಾರ್ಯ, 2013ರಲ್ಲಿ ಡಿ.ಜಿ. ಶಾಂತನಗೌಡ, 2018ರಲ್ಲಿ ತಿರುಗಿ ರೇಣುಕಾಚಾರ್ಯ, 2023ರಲ್ಲಿ ತಿರುಗಿ ಶಾಂತನಗೌಡ. ಉಯ್ಯಾಲೆ ಆಡಿದಷ್ಟು ಸಲೀಸು.

“ಇದರಾಗೆ ಏನೂ ಇಲ್ಲ ಸಾರ್, ಪಾಳಿ ಅಷ್ಟೆ” ಅಂದರು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಮಂಡಕ್ಕಿಯ ಜೊತೆ ಮಿರ್ಚಿ ಕಚ್ಚುತ್ತಿದ್ದ ಹಿರಿಯರು. “ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟ್ ಕೊಡಲ್ವಾ, ಒಂದು ವಾರ ಹಗಲು, ಒಂದು ವಾರ ರಾತ್ರಿ? ಹಂಗೇ ಇದು. 2028 ರೇಣುಕಾಚಾರ್ಯರದ್ದು. ಬರೆದಿಟ್ಕೊಳ್ಳಿ.”

ನಾನು ಪೆನ್ನು ತೆಗೆದೆ. ಅವರಿಗೆ ಮಿರ್ಚಿ ನೆತ್ತಿಗೇರಿತು.

“ಅಲ್ಲ ಯಜಮಾನ್ರೆ, 2004ರಲ್ಲೂ 2008ರಲ್ಲೂ ಗೆದ್ದಿದ್ದು ರೇಣುಕಾಚಾರ್ಯರೇ ಅಲ್ವಾ? ಆಗ ಪಾಳಿ ಎಲ್ಲಿಗೆ ಹೋಗಿತ್ತು?”

“ಆಗಿನ್ನೂ ಪಾಳಿ ಶುರುವಾಗಿರ್ಲಿಲ್ಲ.”

ಇದಕ್ಕೆ ಎದುರುತ್ತರ ಕೊಡಲು ನನ್ನಿಂದಾಗಲಿಲ್ಲ. ನಾಲ್ಕು ಫಲಿತಾಂಶ ಹೊಂದಿದರೆ ಅದು ನಿಯಮ, ಐದನೆಯದು ಹೊಂದದಿದ್ದರೆ ಅದು ಇನ್ನೂ ಹುಟ್ಟದ ಕಾಲದ ಮಾತು. ಇನ್ನೊಂದು ತೊಡಕೂ ಇತ್ತು. 2013ರಲ್ಲಿ ಹೊನ್ನಾಳಿಯಲ್ಲಿ ರೇಣುಕಾಚಾರ್ಯರು ಸೋತದ್ದು ಕಮಲ ಹಿಡಿದಲ್ಲ, ತೆಂಗಿನಕಾಯಿ ಹಿಡಿದು. ಯಡಿಯೂರಪ್ಪನವರು ಬಿಜೆಪಿ ಬಿಟ್ಟು ಕೆಜೆಪಿ ಕಟ್ಟಿದ ಮೇಲಿನ ಚುನಾವಣೆ ಅದು; ಒಂದೇ ಮನೆಯ ಮತ ಎರಡು ಹಂಡೆಗೆ ಬಿದ್ದಿತ್ತು. ಅಂದಮೇಲೆ ಆ ಸೋಲು ಪಾಳಿಯದ್ದೋ, ಪಾಲಿನದ್ದೋ? ಕೇಳೋಣವೆಂದರೆ ಹಿರಿಯರು ಬಿಲ್ಲು ಕೊಡಲು ಎದ್ದಿದ್ದರು. ಸಹಿ ಕೇಳಿದೆ. “ನೀವು ಯಾವ ಪಕ್ಷದೋರು?” ಅಂದರು.

ಆ ದಿನ ನಾಲ್ಕು ತಾಲ್ಲೂಕಲ್ಲಿ ನನಗೆ ಅತಿ ಹೆಚ್ಚು ಎದುರಾದ ಪ್ರಶ್ನೆ ಇದೇ. ತಾರೀಖು ಮತ್ತು ಸಹಿ ಕೇಳುವವನು ಎದುರು ಪಕ್ಷದವನೇ ಇರಬೇಕು, ನಮ್ಮವನಾಗಿದ್ದರೆ ನಂಬುತ್ತಿದ್ದ!

ಅದೇ ಹೋಟೆಲಿನ ಇನ್ನೊಂದು ಬೆಂಚಿನಲ್ಲಿ ಕೊರೊನಾ ಕಾಲದ ಮಾತು ನಡೆದಿತ್ತು. 2021ರ ಎರಡನೇ ಅಲೆಯಲ್ಲಿ ಆಗಿನ ಶಾಸಕರು ಕೋವಿಡ್ ಆರೈಕೆ ಕೇಂದ್ರದಲ್ಲಿ ಸೋಂಕಿತರ ಜೊತೆ ಹೆಜ್ಜೆ ಹಾಕಿದ್ದನ್ನು ಇಡೀ ರಾಜ್ಯ ಟಿವಿಯಲ್ಲಿ ನೋಡಿತ್ತು. ಆಗ ಇದೇ ಬೆಂಚಿನ ತೀರ್ಮಾನ: ಸಾಯೋ ಕಾಲದಲ್ಲಿ ಜೊತೆಗೆ ನಿಂತವರನ್ನ ಜನ ಬಿಡಲ್ಲ, ಈ ಕುಣಿತದಲ್ಲೇ ಇಪ್ಪತ್ತು ಸಾವಿರ ಓಟು ಬಂತು. 2023ರ ಮೇ ತಿಂಗಳಲ್ಲಿ ಅವರು ಸೋತರು. ಈಗ ಅದೇ ಬೆಂಚಿನ ತೀರ್ಮಾನ: ಜನ ಸಾಯೋ ಹೊತ್ತಲ್ಲಿ ಕುಣಿದ್ರೆ ಯಾರು ಓಟು ಹಾಕ್ತಾರೆ? ಕುಣಿತ ಒಂದೇ. ಅದು ಗೆಲುವಿಗೂ ಕಾರಣ, ಸೋಲಿಗೂ ಕಾರಣ. ಗೌತಮ ಮಹರ್ಷಿಗಳು ನ್ಯಾಯಸೂತ್ರದಲ್ಲಿ ಐದು ಬಗೆಯ ಹೇತ್ವಾಭಾಸಗಳನ್ನು ಹೇಳಿದ್ದಾರೆ. ಹೇತುವಿನ ವೇಷ ಹಾಕಿಕೊಂಡು ಬರುವ ಸುಳ್ಳು ಕಾರಣಗಳು ಅವು. ಮೊದಲನೆಯದೇ ಸವ್ಯಭಿಚಾರ. ಅಂದರೆ ಈ ಮನೆಯಲ್ಲೂ ಉಂಡು ಆ ಮನೆಯಲ್ಲೂ ಉಣ್ಣುವ ಕಾರಣ. ಮಹರ್ಷಿಗಳು ಹೊನ್ನಾಳಿಗೆ ಬಂದಿದ್ದರೆ ಉಳಿದ ನಾಲ್ಕನ್ನು ಬರೆಯಲು ಪುರಸೊತ್ತೇ ಸಿಗುತ್ತಿರಲಿಲ್ಲ.

ಕಟ್ಟೆಯ ಮೇಲೆ ಕೂತವರನ್ನಷ್ಟೇ ಗೇಲಿ ಮಾಡಿದರೆ ತಪ್ಪಾಗುತ್ತದೆ. ಅವರು ಟೀ ದುಡ್ಡನ್ನಾದರೂ ತಾವೇ ಕೊಡುತ್ತಾರೆ. ಮಾತಾಡಿದ್ದಕ್ಕೆ ಶಾಲು, ಕುರ್ಚಿ, ‘ಹಿರಿಯ ರಾಜಕೀಯ ವಿಶ್ಲೇಷಕರು’ ಎಂಬ ಪಟ್ಟಿ ಎಲ್ಲ ಸಿಗುವುದು ಬೆಂಗಳೂರಿನ ಸ್ಟುಡಿಯೋದವರಿಗೆ. ಅಮೆರಿಕದಲ್ಲಿ ಫಿಲಿಪ್ ಟೆಟ್ಲಾಕ್ ಅಂತ ಒಬ್ಬ ಪ್ರಾಧ್ಯಾಪಕ ಇದ್ದಾರೆ. ಬರೆದಿಟ್ಟುಕೊಳ್ಳಿ ಅಂದಾಗ ನಿಜಕ್ಕೂ ಬರೆದಿಟ್ಟುಕೊಂಡ ಅನಾಗರಿಕ ಆತ. 284 ಮಂದಿ ಪರಿಣತರ ಸಾವಿರಾರು ಭವಿಷ್ಯಗಳನ್ನು ಸುಮಾರು ಎರಡು ದಶಕ ದಾಖಲಿಸಿ, ಆಮೇಲೆ ಆದದ್ದರ ಜೊತೆ ತಾಳೆ ನೋಡಿ, 2005ರಲ್ಲಿ ಪುಸ್ತಕ ಮಾಡಿದರು. ಸರಾಸರಿ ಪರಿಣತನಿಗೂ ಕಣ್ಣುಮುಚ್ಚಿ ಬಾಣ ಎಸೆಯುವ ಚಿಂಪಾಂಜಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹೆಸರು ದೊಡ್ಡದಾದಷ್ಟೂ ಲೆಕ್ಕ ಹೆಚ್ಚು ತಪ್ಪಿತ್ತು. ನಮ್ಮಲ್ಲಿ ಚಿಂಪಾಂಜಿ ಯಾಕೆ, ಗಿಳಿಶಾಸ್ತ್ರದ ಗಿಳಿ ಇದೆ. ಪಂಜರದಿಂದ ಬಂದು ಒಂದು ಕಾರ್ಡು ಎಳೆದು, ಒಂದು ಭತ್ತದ ಕಾಳು ತಿಂದು, ಸುಮ್ಮನೆ ಒಳಗೆ ಹೋಗುತ್ತದೆ. ತಪ್ಪಾದರೆ ರಾತ್ರಿ ಒಂಬತ್ತಕ್ಕೆ ಬಂದು ಸಮರ್ಥಿಸಿಕೊಳ್ಳುವುದಿಲ್ಲ.

ನ್ಯಾಮತಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಹೆಸರು ಕೇಳಿ ನ್ಯಾಯ, ಮತಿ ಎರಡೂ ಸಿಗಬಹುದು ಅಂತ ಇಳಿದಿದ್ದೆ. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತೇ ಹೊರತು ಇದು ಕ್ಷೇತ್ರವಲ್ಲ. ವಿಧಾನಸಭೆಯ ಲೆಕ್ಕದಲ್ಲಿ ಈಗಲೂ ಹೊನ್ನಾಳಿಯೇ. ಹಾಗಾಗಿ ಟಿವಿಯ ನಕ್ಷೆಯಲ್ಲಿ ನ್ಯಾಮತಿ ಇಲ್ಲ. ಮಾತಿಗೆ ಮಾತ್ರ ಒಂದೇ ರೂಪದಲ್ಲಿ ಬರುತ್ತದೆ: ‘ತಾಂಡಾದ ಓಟು’. ಬಂಜಾರರ ಆರಾಧ್ಯ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಈ ತಾಲ್ಲೂಕಿನಲ್ಲೇ ಇದೆಯಲ್ಲ, ಅದರ ಪುಣ್ಯ.

ತಾಂಡಾದ ಓಟು ಹೇಗೆ ಬೀಳುತ್ತದೆ ಎಂದು ತಾಂಡಾಕ್ಕೆ ಕಾಲಿಡದವರು ನನಗೆ ವಿವರಿಸಿದರು. “ಇಡಿಯಾಗಿ ಬೀಳುತ್ತೆ ಸಾರ್. ಒಬ್ಬರಿಗೆ ಹೇಳಿದ್ರೆ ಮುಗೀತು.” ಹಾಗೆ ಹೇಳಿದವರ ಮನೆಯಲ್ಲಿ ಗಂಡನದ್ದೊಂದು ಓಟು, ಹೆಂಡತಿಯದ್ದೊಂದು, ಮಗನದ್ದು ನೋಟಾ ಅಂತ ಆಮೇಲೆ ತಿಳಿಯಿತು. ತಮ್ಮ ಮನೆಯವರಿಗೆ ಬುದ್ಧಿ ಇದೆ, ಆದ್ದರಿಂದ ಚದುರಿ ಹಾಕುತ್ತಾರೆ. ಬೇರೆಯವರಿಗೆ ಜಾತಿ ಇದೆ, ಆದ್ದರಿಂದ ಕಟ್ಟಿಗೆ ಹೊರೆಯ ಹಾಗೆ ಕಟ್ಟಿ ಹಾಕುತ್ತಾರೆ. ಇದನ್ನೇ ಸ್ಟುಡಿಯೋದಲ್ಲಿ ಸಾಮಾಜಿಕ ಸಮೀಕರಣ ಅನ್ನುತ್ತಾರೆ.

2023ರ ಮಾರ್ಚ್ 27ರಂದು ಒಳಮೀಸಲಾತಿಯ ಶಿಫಾರಸಿನ ವಿರುದ್ಧ ಬಂಜಾರರು ಪಕ್ಕದ ಶಿಕಾರಿಪುರದಲ್ಲಿ ಬೀದಿಗಿಳಿದರು, ಯಡಿಯೂರಪ್ಪನವರ ಮನೆಗೆ ಕಲ್ಲು ಬಿತ್ತು. ಮೇ ತಿಂಗಳಲ್ಲಿ ಹೊನ್ನಾಳಿಯಲ್ಲಿ ಬಿಜೆಪಿ ಸೋತಿತು. ನೋಡಿ, ಕಲ್ಲಿನ ಪರಿಣಾಮ! ಆದರೆ ಕಲ್ಲು ಬಿದ್ದ ಶಿಕಾರಿಪುರದಲ್ಲಿ ಗೆದ್ದವರು ಅದೇ ಬಿಜೆಪಿಯ ಬಿ.ವೈ. ವಿಜಯೇಂದ್ರ. ಕಲ್ಲು ಒಂದು ಊರಲ್ಲಿ ಬಿದ್ದು ಗಾಯ ಇನ್ನೊಂದು ಊರಲ್ಲಿ ಆಯಿತೆನ್ನಬೇಕು. ಸಿಟ್ಟು ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಸಿಟ್ಟಿಗೆ ಕಾರಣವೂ ಇತ್ತು. ಅದು ಎಲ್ಲಿ ಎಷ್ಟು ಓಟಾಗಿ ಬಿತ್ತು ಅಂತ ಇವರಿಗೆ ಹೇಳಿದವರು ಯಾರು? ಮತಯಂತ್ರ ಬೂತಿನ ಲೆಕ್ಕ ಕೊಡುತ್ತದೆ, ಒತ್ತಿದ ಬೆರಳಿನ ಜಾತಿಯ ಲೆಕ್ಕ ಕೊಡುವುದಿಲ್ಲ. ಆದರೂ ‘ಆ ಸಮಾಜದ ಶೇಕಡಾ ಎಂಬತ್ತೈದು’ ಅನ್ನುವ ಅಂಕಿ ಮಾತ್ರ ಎಣಿಕೆ ಮುಗಿಯುವ ಮೊದಲೇ ಬಂದಿರುತ್ತದೆ.

ಚನ್ನಗಿರಿಗೆ ಬಂದಾಗ ಮಧ್ಯಾಹ್ನ. ಇಲ್ಲಿ ಎಲ್ಲದಕ್ಕೂ ಅಡಿಕೆಯೇ ಕಾರಣ. ಅಡಿಕೆ ರೇಟು ಏರಿದರೆ ರೈತ ಖುಷಿ, ಆಳುವ ಪಕ್ಷಕ್ಕೆ ಓಟು. ರೇಟು ಏರಿದರೆ ರೈತನಿಗೆ ಸರ್ಕಾರದ ಹಂಗಿಲ್ಲ, ಎದುರು ಪಕ್ಷಕ್ಕೆ ಓಟು. ಎರಡನ್ನೂ ಒಂದೇ ಅಂಗಡಿಯಲ್ಲಿ, ಒಬ್ಬರ ಬಾಯಲ್ಲೇ, ಒಂದು ಎಲೆಅಡಿಕೆ ಉಗುಳುವ ಅಂತರದಲ್ಲಿ ಕೇಳಿದೆ.

ಈ ಅಡಿಕೆಯ ತರ್ಕ 2023ರ ಮಾರ್ಚ್‌ನಲ್ಲಿ ಇಡೀ ರಾಜ್ಯಕ್ಕೆ ಪರಿಚಯವಾಯಿತು. ಲೋಕಾಯುಕ್ತ ಪೊಲೀಸರು ಆಗಿನ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರ ಮಗನನ್ನು ಲಂಚದ ಆರೋಪದಲ್ಲಿ ಹಿಡಿದರು, ಕೋಟಿಗಟ್ಟಲೆ ನಗದು ಸಿಕ್ಕಿತು. ಇದು ಅಡಿಕೆ ನಾಡು, ಇಲ್ಲಿ ಸಾಮಾನ್ಯರ ಮನೆಯಲ್ಲೂ ನಾಲ್ಕೈದು ಕೋಟಿ ಇರುತ್ತದೆ ಎಂಬರ್ಥದ ಮಾತನ್ನು ಶಾಸಕರು ಆಡಿದರು. ಆ ವಾರ ಚನ್ನಗಿರಿಯ ಸಾಮಾನ್ಯರು ತಮ್ಮ ಮನೆಯ ಹಗೇವು, ಅಟ್ಟ, ಅಕ್ಕಿ ಡಬ್ಬಿ ಎಲ್ಲ ತಡಕಾಡಿರಬೇಕು. ಒಂದು ಕಡೆಯ ಪಂಡಿತರು ‘ಹೌದು, ಅಡಿಕೆ ದುಡ್ಡೇ’ ಅಂದರು, ಯಾಕೆಂದರೆ ಅವರು ನಮ್ಮವರು. ಇನ್ನೊಂದು ಕಡೆಯವರು ‘ಇಡೀ ಪಕ್ಷವೇ ಹಾಗೆ’ ಅಂದರು, ಯಾಕೆಂದರೆ ಅವರು ಅವರವರು. ವಿಚಾರಣೆ, ಜಾಮೀನು, ಮೆರವಣಿಗೆ, ಬಂಧನ ಎಲ್ಲ ಆಗಿ, ಕೊನೆಗೆ ಆ ವರ್ಷದ ಡಿಸೆಂಬರಿನಲ್ಲಿ ವಿರೂಪಾಕ್ಷಪ್ಪನವರ ಮೇಲಿನ ಪ್ರಕರಣವನ್ನು ಹೈಕೋರ್ಟ್ ರದ್ದು ಮಾಡಿತು. ಕಟ್ಟೆಯ ತೀರ್ಪು ಎರಡೂ ಕಡೆ ಅವತ್ತು ಇದ್ದಲ್ಲೇ ಇವತ್ತೂ ಇದೆ. ಪುರಾವೆ ಬರುವ ಮೊದಲು ಕೊಟ್ಟ ತೀರ್ಪಿಗೆ ಪುರಾವೆಯಿಂದ ಏನಾಗಬೇಕು?

ನನಗೆ ನಿಜಕ್ಕೂ ಸೋಜಿಗವಾದದ್ದು ಬೇರೆ. ಅಂಗಡಿಯಲ್ಲಿ ಮಾತಾಡುತ್ತಿದ್ದವರಲ್ಲಿ ಒಬ್ಬರು ಖೇಣಿ ಹಿಡಿಯುವವರು. ಖೇಣಿ ಅಂದರೆ ಗೊನೆ ಇನ್ನೂ ಮರದಲ್ಲೇ ಇರುವಾಗ ಇಡೀ ತೋಟದ ಫಸಲಿಗೆ ಇಷ್ಟು ಅಂತ ಮಾತಾಡಿ, ಮುಂಗಡ ಕೊಟ್ಟು, ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಲ್ಲ ತಾವೇ ಮಾಡಿಕೊಳ್ಳುವ ವ್ಯವಹಾರ. ಅದೂ ಭವಿಷ್ಯ ಹೇಳುವ ಕೆಲಸವೇ. ಈ ಮನುಷ್ಯ ಒಂದು ತೋಟ ಹಿಡಿಯುವ ಮೊದಲು ಮರದಿಂದ ಮರಕ್ಕೆ ಕತ್ತೆತ್ತಿ ನಡೆಯುತ್ತಾರೆ, ಮರಕ್ಕೆ ಎಷ್ಟು ಗೊನೆ, ಕಾಯಿ ಕಚ್ಚಿದ್ದು ಹೇಗೆ, ಕೊಳೆ ಬಂದಿದೆಯಾ, ಹೋದ ವರ್ಷ ಎಷ್ಟಾಗಿತ್ತು, ನೀರಿನ ಕತೆ ಏನು ಎಂದು ನೋಡುತ್ತಾರೆ. ಅಷ್ಟಾದ ಮೇಲೂ ಒಂದು ಅಂಕಿ ಹೇಳುವುದಿಲ್ಲ. ಇಷ್ಟರಿಂದ ಇಷ್ಟು ಕ್ವಿಂಟಾಲ್ ಅನ್ನುತ್ತಾರೆ. ಯಾಕೆಂದರೆ ಲೆಕ್ಕ ತಪ್ಪಿದರೆ ಮನೆಯ ಬಂಗಾರ ಬ್ಯಾಂಕಿಗೆ ಹೋಗುತ್ತದೆ. ತನ್ನದಲ್ಲದ ಒಂದೆಕರೆ ತೋಟದ ಬಗ್ಗೆ ಇಷ್ಟು ವಿನಯ ಇರುವವರು, ಒಂದೂ ಊರು ತಿರುಗದೆ, “ಚನ್ನಗಿರಿ ಕ್ಷೇತ್ರ ಬರೆದಿಟ್ಕೊಳ್ಳಿ ಸಾರ್, ಮೂವತ್ತು ಸಾವಿರ ಲೀಡು” ಅಂದರು.

“ಖೇಣಿ ಹಂಗೆ ಇದಕ್ಕೂ ಮುಂಗಡ ಇಡ್ತೀರಾ ಅಣ್ಣಾ?” ಅಂದೆ.

“ಅಯ್ಯೋ, ದುಡ್ಡಿನ ವಿಷ್ಯ ಬೇರೆ, ರಾಜಕೀಯ ಬೇರೆ” ಅಂದರು. ಸಹಿ ಹಾಕಲಿಲ್ಲ.

ಚನ್ನಗಿರಿಗೆ ಪಂಡಿತರನ್ನು ಮಣ್ಣು ಮುಕ್ಕಿಸುವ ಹಳೆಯ ಚಾಳಿ ಇದೆ. ಈ ತಾಲ್ಲೂಕಿನ ಕಾರಿಗನೂರಿನವರು ಜೆ.ಎಚ್. ಪಟೇಲರು, 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು, 1996ರಲ್ಲಿ ಮುಖ್ಯಮಂತ್ರಿಯಾದವರು. ಅವರ ಕಾಲದಲ್ಲೇ, 1997ರ ಆಗಸ್ಟ್ 15ರಂದು, ದಾವಣಗೆರೆ ಜಿಲ್ಲೆಯಾಯಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಊರ ಮಗ, ಮುಖ್ಯಮಂತ್ರಿ, ಜಿಲ್ಲೆ ಕೊಟ್ಟವರು. ಇಂಥವರು ಸೋಲಲಿಕ್ಕೆ ಸಾಧ್ಯವೇ ಇಲ್ಲ ಅನ್ನುವುದಕ್ಕೆ ಇನ್ನೇನು ಬೇಕು? 1999ರಲ್ಲಿ ಅದೇ ಚನ್ನಗಿರಿಯಲ್ಲಿ ಸೋತರು. ಸೋತ ಮೇಲೆ ಅದಕ್ಕೂ ಕಾರಣ ಸಿಕ್ಕಿತು ಅನ್ನಿ. ಮುಖ್ಯಮಂತ್ರಿಯಾದವರು ಊರಿಗೆ ಎಲ್ಲಿ ಬರ್ತಾರೆ, ಅಂತ.

‘ಚನ್ನಗಿರಿ, ಹೊನ್ನಾಳಿ, ಜಗಳೂರು ಯಾರ ಕಡೆಯೋ ಸರ್ಕಾರ ಅವರದ್ದು’ ಎಂಬ ದೊಡ್ಡ ಸಿದ್ಧಾಂತ ಕೂಡ ಇಲ್ಲೇ ಕಿವಿಗೆ ಬಿತ್ತು. 2013ರಲ್ಲಿ ಮೂರೂ ಕಾಂಗ್ರೆಸ್, 2018ರಲ್ಲಿ ಮೂರೂ ಬಿಜೆಪಿ, 2023ರಲ್ಲಿ ಮೂರೂ ಕಾಂಗ್ರೆಸ್, ಇದು ನಿಜ. ಆದರೆ 2018ರ ಮೇ 23ರಂದು ಪ್ರಮಾಣವಚನ ತಗೊಂಡವರು ಬಿಜೆಪಿಯವರಲ್ಲ, ಕುಮಾರಸ್ವಾಮಿ. “ಒಂದು ವರ್ಷ ಆದ್ಮೇಲೆ ಯಡಿಯೂರಪ್ಪ ಬಂದ್ರಲ್ಲ!” ಅಂದರು. ಬಂದರು. ಆ ಸರ್ಕಾರ ಬೀಳಿಸಲು ಶಾಸಕರು ಮುಂಬಯಿಗೆ ಹೋಗಿ ಕೂತಿದ್ದು ಕೂಡ ಈ ಮೂರು ತಾಲ್ಲೂಕಿನ ಮಹಿಮೆಯಿಂದಲೇ ಇರಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಗೆ ಹಾರ ಹಾಕಬಹುದು. ಇಲ್ಲಿ ಕಾಗೆ ಹಾರಿಹೋಗಿ ಒಂದು ವರ್ಷದ ಮೇಲೆ ಮುರಿದ ಕೊಂಬೆಗೂ ಕಾಗೆಗೇ ಹಾರ.

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಮುಟ್ಟುವಾಗ ಬಿಸಿಲು ಇಳಿದಿತ್ತು. ಬರದ ತಾಲ್ಲೂಕು ಅಂತ ಹೆಸರಾದ ಊರು, ಮಾತಿಗೆ ಬರವಿಲ್ಲ. ಇಲ್ಲಿ 2023ರಲ್ಲಿ ಕಾಂಗ್ರೆಸ್ಸಿನ ಬಿ. ದೇವೇಂದ್ರಪ್ಪ ಬಿಜೆಪಿಯ ಎಸ್.ವಿ. ರಾಮಚಂದ್ರ ಅವರನ್ನು ಸೋಲಿಸಿದ್ದು 874 ಮತಗಳಿಂದ. ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಮಾಜಿ ಶಾಸಕ ಎಚ್.ಪಿ. ರಾಜೇಶ್ ಕೂಡ ಬೆನ್ನಿಗೇ ಇದ್ದರು.

ಈ 874ಕ್ಕೆ ನಾನು ಅವತ್ತು ಸಂಜೆ ಬರೆದುಕೊಂಡ ಕಾರಣಗಳು ಹೀಗಿವೆ. ದೇವೇಂದ್ರಪ್ಪ ಹಿಂದೊಮ್ಮೆ ಊರಿನ ವಿದ್ಯಾಸಂಸ್ಥೆಯಲ್ಲಿ ಜವಾನರಾಗಿ ದುಡಿದವರು ಅಂತ ಬಡವರು ಕೈ ಹಿಡಿದರು. ನಾಯಕ ಸಮಾಜ ಒಂದಾಯಿತು. ಗ್ಯಾರಂಟಿ ಕಾರ್ಡು. ಭದ್ರಾ ಮೇಲ್ದಂಡೆಗೆ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ಅಂದದ್ದು ಬರೀ ಬಾಯಿಮಾತಾಯಿತು. ಇದನ್ನೇ ಫೆಬ್ರವರಿಯಲ್ಲಿ ‘ಈ 5,300 ಕೋಟಿಯಲ್ಲೇ ಜಗಳೂರು ಬಿಜೆಪಿಗೆ ಆಯ್ತು’ ಅಂದಿದ್ದರು ಎಂಬುದನ್ನು ಬದಿಗಿಡೋಣ. ತುಂಗಭದ್ರೆಯಿಂದ 57 ಕೆರೆ ತುಂಬಿಸುವ ಯೋಜನೆಯ ಹೆಸರನ್ನು ಗೆದ್ದವರ ಕಡೆಯವರೂ ಹೇಳಿದರು, ಸೋತವರ ಕಡೆಯವರೂ ಹೇಳಿದರು.

ನಾಯಕ ಸಮಾಜ ಒಂದಾದದ್ದು ನನಗೆ ಬಗೆಹರಿಯಲಿಲ್ಲ. 2008ರಿಂದ ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲು ಕ್ಷೇತ್ರ. ಕಣದಲ್ಲಿ ಯಾರೇ ನಿಂತರೂ ಪಂಗಡದವರೇ ಆಗಿರಬೇಕು, ಕಾನೂನೇ ಹಾಗೆ. ಎಲ್ಲ ಪಾತ್ರೆಯಲ್ಲೂ ಅದೇ ಉಪ್ಪು ಇರುವಾಗ ಒಂದು ಸಾರು ರುಚಿಯಾದದ್ದು ಉಪ್ಪಿನಿಂದ ಅಂದರೆ ಹೇಗೆ? ಮತ್ತೆ ಇದೇ ರಾಮಚಂದ್ರ 2008ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು, ರಾಜೀನಾಮೆ ಕೊಟ್ಟು, 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದವರು. ‘ಜಗಳೂರು ಕಾಂಗ್ರೆಸ್ಸಿನ ಭದ್ರಕೋಟೆ’ ಅಂತ ಹೇಳುತ್ತಿದ್ದವರು ಆಗ ಕೋಟೆಯ ಬೋರ್ಡಿಗೆ ಬಣ್ಣ ಬಳಿದರೇ ವಿನಾ ಕೋಟೆ ಇತ್ತೇ ಅಂತ ನೋಡಲಿಲ್ಲ.

ಒಬ್ಬ ಹುಡುಗ, ಮೊಬೈಲಿನಿಂದ ಕಣ್ಣೆತ್ತದೆ, “ನಮ್ ಕಡೆ ಜನ ಮೊದ್ಲಿಂದ್ಲೂ ಧರ್ಮ ನೋಡೇ ಓಟು ಹಾಕೋದು ಅಂಕಲ್” ಅಂದ. ಮೊದಲಿಂದ ಅಂದರೆ ಅವನು ಹುಟ್ಟಿದಲ್ಲಿಂದ. ಇದೇ ಜಗಳೂರಿನ ಇಮಾಂ ಸಾಹೇಬರು, ಜೆ. ಮಹಮ್ಮದ್ ಇಮಾಂ, 1957ರಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ, 1967ರಲ್ಲಿ ಸ್ವತಂತ್ರ ಪಕ್ಷದಿಂದ, ಎರಡು ಸಲ ಚಿತ್ರದುರ್ಗದ ಸಂಸದರಾದರು. ಎರಡೂ ಸಲ ಕಾಂಗ್ರೆಸ್ಸಿನ ಎದುರು ಬದಿಯಿಂದ. ಅವರಿಗೆ ಓಟು ಹಾಕಿದವರು ಈಗಿನವರ ಅಜ್ಜ ಅಜ್ಜಿಯರು. ಹೇಳಿದೆ. ಹುಡುಗ ಮೊಬೈಲಿನಲ್ಲಿ ಹುಡುಕಿ ನೋಡಿ, “ಅದು ಆಗಿನ ಕಾಲ” ಅಂದ. ಮೊದಲಿಂದಲೂ ಅಂದವನು ಅವನೇ.

874ಕ್ಕೆ ಬರುತ್ತೇನೆ. ಗೆದ್ದವರಿಗೆ ಹಾಕಿದವರಲ್ಲಿ 438 ಜನ ಸೋತವರಿಗೆ ಹಾಕಿದ್ದರೆ ಫಲಿತಾಂಶ ತಲೆಕೆಳಗು. 438 ಅಂದರೆ ಒಂದು ಮದುವೆಯ ಎರಡು ಪಂಕ್ತಿ. ಅವತ್ತು ಜೋರು ಮಳೆ ಬಂದಿದ್ದರೆ, ಎರಡು ಹಳ್ಳಿಯ ಟೆಂಪೊ ಕೆಟ್ಟಿದ್ದರೆ, ಒಂದು ಸಾವಿನ ಮನೆ ಇದ್ದಿದ್ದರೆ ಲೆಕ್ಕ ಬೇರೆ. ಆಗ ಬಡವರು ಇನ್ನೊಬ್ಬರ ಕೈ ಹಿಡಿದಿರುತ್ತಿದ್ದರು, ಸಮಾಜ ಇನ್ನೊಬ್ಬರ ಹಿಂದೆ ಒಂದಾಗಿರುತ್ತಿತ್ತು, 5,300 ಕೋಟಿ ಕೆಲಸ ಮಾಡಿರುತ್ತಿತ್ತು. 2009ರ ದಾವಣಗೆರೆ ಲೋಕಸಭೆಯಲ್ಲಿ ಜಿ.ಎಂ. ಸಿದ್ದೇಶ್ವರ ಗೆದ್ದದ್ದು 2,024 ಮತಗಳಿಂದ. ಅಷ್ಟು ದೊಡ್ಡ ಕ್ಷೇತ್ರದಲ್ಲಿ ಅದು ಸಾಸಿವೆ ಕಾಳು. ಆ ಕಾಳಿನ ಮೇಲೂ ಅವತ್ತು ಪುಟಗಟ್ಟಲೆ ಭಾಷ್ಯ ಬಂದಿತ್ತು.

ಭಾಷ್ಯ ಬರೆದವರಲ್ಲಿ ನಾನೂ ಒಬ್ಬ ಅನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. 2023ರ ಮೇ 13ರ ಬೆಳಗ್ಗೆ ನನ್ನ ಮೇಜಿನ ಮೇಲೆ ಎರಡು ಬರಹ ತಯಾರಿದ್ದವು. ಒಂದರ ತಲೆಬರಹ ‘ಮತದಾರನ ಪ್ರಬುದ್ಧ ತೀರ್ಪು’. ಇನ್ನೊಂದರದ್ದೂ ಅದೇ. ಒಳಗೆ ಹೆಸರು, ಚಿಹ್ನೆ ಅದಲುಬದಲು, ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಒಂದನ್ನು ಕಳಿಸಿದೆ. ಓದಿದವರು ಫೋನ್ ಮಾಡಿ, ಎಷ್ಟು ಬೇಗ ಎಷ್ಟು ಆಳವಾಗಿ ಬರೆದಿರಿ ಅಂದರು. ಇನ್ನೊಂದನ್ನು ಎಸೆಯಲಿಲ್ಲ, ಬೇಕಾಗಬಹುದು.

ಕತ್ತಲಾಗುತ್ತ ಬಂತು. ನೋಟ್‌ಬುಕ್ಕಿನಲ್ಲಿ ಭವಿಷ್ಯ ಇಪ್ಪತ್ತಾರು, ಕಾರಣ ಎಪ್ಪತ್ತಕ್ಕೂ ಮೇಲೆ, ಸಹಿ ಸೊನ್ನೆ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯ ಅಜ್ಜಿ ಇಷ್ಟೊತ್ತೂ ಎಲ್ಲ ಕೇಳಿಸಿಕೊಂಡು ಸುಮ್ಮನಿದ್ದಳು. ಲೋಟ ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ನೋಟ್‌ಬುಕ್ಕನ್ನು ನನ್ನ ಕಡೆಗೇ ತಿರುಗಿಸಿದಳು.

“ಎಲ್ಲಾರ್ದೂ ಬರ್ಕೊಂಡೆಲ್ಲಪ್ಪ. ನಿಂದೂ ಒಂದು ಬರಿ. ಈ ಕಡಿ ಭವಿಷ್ಯ, ಆ ಕಡಿ ಕಾರಣ. ಕೆಳಗೆ ರುಜು ಹಾಕು.”

ಪೆನ್ನು ಹಿಡಿದೆ. ಎಡಪುಟ ನೋಡಿದೆ, ಬಲಪುಟ ನೋಡಿದೆ.

“ಬಸ್ಸು ಬಂತು ಅಜ್ಜಿ” ಅಂದೆ.

ಬಸ್ಸು ಬಂದಿರಲಿಲ್ಲ.